ಒಬ್ಬನ ಕಣ್ಣು, ಇನ್ನೊಬ್ಬನ ನಾಲಿಗೆ

ಕಣ್ಣು ನಾರ್ಬರ್ಟನದು, ನಾಲಿಗೆ ಸ್ಟಾಶನದು. ಮೂವತ್ತು ವರ್ಷ ಗೆಳೆಯರಿಬ್ಬರೂ ಹೀಗೇ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳನ್ನು ಕೊಂಡಿದ್ದರು. ರಾಶಿಯೊಳಗಿಂದ ಬೇಕಾದ ಕಾರ್ಡನ್ನು ಹೆಕ್ಕಿ, ಮೂಲೆ ಸವೆದಿದೆಯೇ, ಅಂಚಿಗೆ ಯಾರಾದರೂ ಕತ್ತರಿ ಆಡಿಸಿದ್ದಾರೆಯೇ ಎಂದು ಭೂತಗನ್ನಡಿ ಹಿಡಿದು ನೋಡುವುದು ನಾರ್ಬರ್ಟನ ಕೆಲಸ. ಅಲ್ಲಿಂದಾಚೆಗೆ ಅವನು ಬಾಯಿ ಬಿಡುವಂತಿರಲಿಲ್ಲ. ವ್ಯಾಪಾರಿ ಎಷ್ಟು ಬೆಲೆ ಹೇಳಿದರೂ "ಆಯ್ತು" ಅಂದುಬಿಡುವ ಚಾಳಿ ಅವನದು. ಚೌಕಾಸಿಯೆಲ್ಲ ಸ್ಟಾಶನ ಪಾಲು.

ಈ ವಸಂತದಲ್ಲಿ ವೈದ್ಯರು ಸ್ಟಾಶನ ಧ್ವನಿಪೆಟ್ಟಿಗೆಯನ್ನು ತೆಗೆದರು. ಜೀವ ಉಳಿಯಿತು, ನಾಲಿಗೆ ಉಳಿಯಲಿಲ್ಲ. ಮಗಳು ಕೊಡಿಸಿದ ಮಾತಿನ ಯಂತ್ರವನ್ನು ಅವನು ಕೋಟಿನ ಜೇಬಿನಿಂದ ಹೊರಗೆ ತೆಗೆದದ್ದೇ ಇಲ್ಲ. ಆದರೂ ಷಿಕಾಗೋದ ವಿಮಾನ ನಿಲ್ದಾಣದ ಪಕ್ಕದ ಸಭಾಂಗಣದಲ್ಲಿ ಬೇಸಿಗೆಯ ಕಾರ್ಡು ಮೇಳ ಕೂಡಿದಾಗ, ಕುತ್ತಿಗೆಗೆ ಹೊಸ ಬಟ್ಟೆ ಸುತ್ತಿಕೊಂಡು ಬೆಳಗಾಗುವ ಮೊದಲೇ ನಾರ್ಬರ್ಟನ ಬಾಗಿಲಲ್ಲಿ ನಿಂತಿದ್ದ.

ಇಂದು ಭಾನುವಾರ, ಮೇಳದ ಕೊನೆಯ ದಿನ. ನಾರ್ಬರ್ಟನ ಪಾದಗಳು ನಿನ್ನೆಯೇ ಅವನ ಮಾತು ಕೇಳುವುದನ್ನು ಬಿಟ್ಟಿದ್ದವು. ಸಿಮೆಂಟಿನ ನೆಲ, ಕಣ್ಣು ಚುಚ್ಚುವ ಬಿಳಿ ದೀಪ, ಎಲ್ಲೆಲ್ಲೂ ಬೆವರು ಮತ್ತು ಹುರಿದ ಈರುಳ್ಳಿಯ ವಾಸನೆ. ಆದರೆ ಒಳ್ಳೆಯ ಬೆಲೆ ಕುದುರುವುದೇ ಭಾನುವಾರ ಮಧ್ಯಾಹ್ನ. ಪೆಟ್ಟಿಗೆಗಳನ್ನು ಮತ್ತೆ ವ್ಯಾನಿಗೆ ಹೊರುವುದನ್ನು ನೆನೆದೇ ವ್ಯಾಪಾರಿಗಳು ಮೆತ್ತಗಾಗುತ್ತಾರೆ. ಆ ಮೆತ್ತಗಿನ ಹೊತ್ತಿನಲ್ಲೂ ನಾರ್ಬರ್ಟ್ ಬೆಳಗಿನಿಂದ ಎರಡು ಕಾರ್ಡು ಕೊಂಡು, ಎರಡಕ್ಕೂ ಚೀಟಿಯ ಮೇಲಿದ್ದ ಬೆಲೆಯನ್ನೇ ತೆತ್ತಿದ್ದ. ಎರಡು ಸಲವೂ ಸ್ಟಾಶ್ ಸೂರು ನೋಡುತ್ತ ನಿಂತಿದ್ದ.

ಹಳೆಯ ಪರಿಚಯದ ವ್ಯಾಪಾರಿ ಮರ್ವಿನ್ ಗ್ರೋಬ್‌ನ ಮೇಜಿನ ಮೇಲೆ ಅದು ಸಿಕ್ಕಿತು. ಎಪ್ಪತ್ತೊಂದನೇ ಇಸವಿಯ ಕಪ್ಪಂಚಿನ ಕಾರ್ಡು. ಡೆನ್ನಿ ಹಾಲ್ವರ್ಸನ್ ಎಂಬ, ಯಾರೂ ನೆನಪಿಡದ ಆಟಗಾರನದು. ಬೆರಳು ತಾಗಿದರೆ ಸಾಕು, ಕಪ್ಪಂಚಿನ ಬಣ್ಣ ಉದುರಿ ಬೆಳ್ಳಗಾಗುತ್ತದೆ; ಕೆಡದೆ ಉಳಿದದ್ದು ಸಿಗುವುದೇ ಅಪರೂಪ. ಮೋಸಗಾರರು ಬೆಳ್ಳಗಾದ ಕಡೆ ಶಾಯಿ ಬಳಿಯುತ್ತಾರೆ. ನಾರ್ಬರ್ಟ್ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದ. ಶಾಯಿಯಿಲ್ಲ. ಹೆಬ್ಬೆರಳೆತ್ತಿ ಸ್ಟಾಶನಿಗೆ ಸನ್ನೆ ಮಾಡಿದ. ಕಾರ್ಡನ್ನು ಕೆಳಗಿಡಲಿಲ್ಲ. ಕೈಯಲ್ಲಿರುವ ತನಕ ಅದನ್ನು ಬೇರೆಯವರು ಕೇಳುವಂತಿಲ್ಲ, ಇದು ಮೇಳದ ಮರ್ಯಾದೆ. ಬೆನ್ನಿಗೆ ಚೀಲ ಹಾಕಿದ್ದ ಒಬ್ಬ ಆಗಲೇ ಹಿಂದೆ ನಿಂತು ಅವನ ಬೆರಳುಗಳನ್ನೇ ನೋಡುತ್ತಿದ್ದ.

ಚೀಟಿಯ ಮೇಲೆ ನೂರಾ ಎಂಬತ್ತು ಡಾಲರ್ ಎಂದಿತ್ತು.

ಮರ್ವಿನ್ ಸ್ಟಾಶನ ಕುತ್ತಿಗೆ ನೋಡಿದ. ಕೂಡಲೇ ನೋಟ ತಿರುಗಿಸಿ ನಾರ್ಬರ್ಟನನ್ನು ಕೇಳಿದ, "ಇವನು ಹೇಗಿದಾನೆ ಈಗ?"

"ಅವನನ್ನೇ ಕೇಳು. ಕಿವಿ ಚೆನ್ನಾಗೇ ಇದೆ."

"ಅಯ್ಯೋ, ಪಾಪ." ಮರ್ವಿನ್ ದನಿ ತಗ್ಗಿಸಿದ. "ಚೀಟಿ ನೋಡ್ಬೇಡಿ. ಅರವತ್ತು ಕೊಡಿ, ಸಾಕು. ಇವತ್ತು ನಿಮ್ಮ ಹತ್ರ ಏನ್ ಚೌಕಾಸಿ!"

ಅರವತ್ತು! ನಾರ್ಬರ್ಟನ ಬಾಯಲ್ಲಿ "ಆಯ್ತು" ಅರ್ಧ ಬಂದಿತ್ತು. ಕಾರು, ಮನೆ, ಬಕೆಟ್ಟಿನ ಬಿಸಿನೀರಲ್ಲಿ ಪಾದ. ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಸ್ಟಾಶ್ ಅವನ ಮಣಿಕಟ್ಟು ಹಿಡಿದ. ಮರ್ವಿನ್‌ನತ್ತ ಅಡ್ಡಡ್ಡ ತಲೆಯಾಡಿಸಿದ. ಇಲ್ಲ.

"ಜಾಸ್ತಿ ಆಯ್ತಂತಾ? ಹೋಗ್ಲಿ, ಐವತ್ತು ಮಾಡ್ಕೊ."

ಸ್ಟಾಶ್ ಮೇಜಿಗೆ ಗುದ್ದಿದ. ಸಾಲಾಗಿ ನಿಂತಿದ್ದ ಕಾರ್ಡುಗಳು ಒಂದರ ಮೇಲೊಂದು ಮಲಗಿದವು. ಅವನ ತುಟಿ ಬಿಳಚಿಕೊಂಡಿತ್ತು. ಆಸ್ಪತ್ರೆಯಲ್ಲಿ ದಾದಿಯರು ಮಗುವಿಗೆ ಹೇಳುವಂತೆ ಮಾತಾಡಿದಾಗಲೂ ಅವನು ಹೀಗೇ ಆಗಿದ್ದ. ಈಗ ಈ ಕನಿಕರದ ಬೆಲೆಗೆ ಕೊಂಡುಹೋದರೆ ಮುಂದಿನ ವರ್ಷ ಸ್ಟಾಶ್ ಇಲ್ಲಿಗೆ ಬರುವುದಿಲ್ಲ ಎಂಬುದು ನಾರ್ಬರ್ಟನಿಗೆ ಹೊಳೆಯಿತು. ಎಲ್ಲಿಗೂ ಬರುವುದಿಲ್ಲ.

"ಕಮ್ಮಿ ಮಾಡು ಅಂತಿಲ್ಲ ಮರ್ವಿನ್," ಎಂದ ನಾರ್ಬರ್ಟ್, ಸುಸ್ತಾಗಿ. "ಬೈಯಿ ಅಂತಿದಾನೆ."

"ಯಾರಿಗೆ?"

"ಇವನಿಗೇ. ವರ್ಷಾ ವರ್ಷಾ ಬೈತಿದ್ಯಲ್ಲ, ಹಾಗೆ."

ಮರ್ವಿನ್ ಬಿದ್ದ ಕಾರ್ಡುಗಳನ್ನು ಒಂದೊಂದಾಗಿ ನಿಲ್ಲಿಸಿದ. ಕೊನೆಯದನ್ನು ನಿಲ್ಲಿಸುವ ಹೊತ್ತಿಗೆ ಅವನ ಮುಖ ಕೆಂಪಾಗಿತ್ತು. ತಲೆ ಎತ್ತಿ, ಈಗ ನೇರವಾಗಿ ಸ್ಟಾಶನನ್ನೇ ನೋಡಿದ.

"ಲೋ ಜಿಪುಣಾಗ್ರೇಸರ! ನನ್ನ ಮೇಜು ಮುರಿಯೋಕೆ ಬಂದ್ಯಾ? ನೂರಾ ಎಂಬತ್ತು. ಒಂದು ಸೆಂಟೂ ಬಿಡಲ್ಲ!"

ಸ್ಟಾಶ್ ನಾಲ್ಕು ಬೆರಳೆತ್ತಿದ.

"ನಲವತ್ತಾ? ನನ್ನ ಹೆಂಡ್ತಿ ತಮ್ಮನಿಗೂ ಕೊಡಲ್ಲ ನಲವತ್ತಕ್ಕೆ! ಅವನು ಮೂರು ವರ್ಷದಿಂದ ನನ್ನ ಮನೇಲೇ ಬಿದ್ದಿದಾನೆ!"

ಸ್ಟಾಶ್ ಕಾರ್ಡಿನ ಎಡಮೂಲೆಗೆ ಬೊಟ್ಟು ಮಾಡಿ, ಮೂಗು ಹಿಡಿದುಕೊಂಡ.

"ಮೂಲೆಗೇನಾಗಿದೆ? ನಿನ್ನ ಮೂತಿಗಿಂತ ನೆಟ್ಟಗಿದೆ. ನೂರಾ ಐವತ್ತು!"

ಐದು ಬೆರಳು. ಆಮೇಲೆ ಸ್ಟಾಶ್ ತಿರುಗಿ ನಡೆದೇ ಬಿಟ್ಟ. ಇದು ಅವನ ಹಳೆಯ ವರಸೆ. ಹಿಂದೆಲ್ಲ ಹೋಗುವಾಗ ಇಡೀ ಸಭಾಂಗಣಕ್ಕೆ ಕೇಳುವಂತೆ ಶಾಪ ಹಾಕುತ್ತಿದ್ದ. ಇಂದು ಅವನ ಬೆನ್ನೇ ಶಾಪ ಹಾಕುತ್ತಿತ್ತು.

"ಬಾರೋ ಇಲ್ಲಿ, ಕಳ್ಳ!" ಮರ್ವಿನ್ ಕೂಗಿದ. ಅಕ್ಕಪಕ್ಕದ ವ್ಯಾಪಾರಿಗಳು ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಿ ನೋಡಿದರು. "ನೂರಾ ಇಪ್ಪತ್ತು!"

ನಾರ್ಬರ್ಟ್ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತ. ಕಾರ್ಡು ಹಿಡಿದ ಕೈ ಜೋಮು ಹಿಡಿದಿತ್ತು. ಬೆನ್ನುಚೀಲದವನು ಬಗ್ಗಿ, "ಏನ್ ಸಾರ್, ಇದು ಮುಗಿಯುತ್ತಾ?" ಎಂದು ಕೇಳಿದ.

"ಹೇಳೋಕಾಗಲ್ಲಪ್ಪ. ನೀನು ಬೇರೆ ಕಡೆ ನೋಡ್ಕೊ."

ತೊಂಬತ್ತೈದಕ್ಕೆ ಮುಗಿಯಿತು. ಮೂವತ್ತು ವರ್ಷದಲ್ಲಿ ಇಷ್ಟು ಕೆಟ್ಟ ವ್ಯಾಪಾರವನ್ನು ಅವರು ಮಾಡಿರಲಿಲ್ಲ. ದುಡ್ಡು ಎಣಿಸಿಕೊಳ್ಳುತ್ತ ಮರ್ವಿನ್, "ಮುಂದಿನ ವರ್ಷ ಬಾ, ನಿನ್ನ ಚರ್ಮ ಸುಲಿತೀನಿ," ಎಂದ. ಸ್ಟಾಶ್ ಟೋಪಿ ಮುಟ್ಟಿ ವಂದಿಸಿದ.

ಹೊರಗೆ ಬಂದರೆ ಕಾರು ನಿಲ್ದಾಣದ ಲಿಫ್ಟು ಕೆಟ್ಟಿತ್ತು.

"ಐವತ್ತಕ್ಕೆ ಬರ್ತಿತ್ತು ಕಣೋ," ಎಂದ ನಾರ್ಬರ್ಟ್.

ಸ್ಟಾಶನ ಭುಜ ಕುಲುಕಿತು. ಕುತ್ತಿಗೆಯ ಬಟ್ಟೆಯ ಹಿಂದಿನಿಂದ ಸುಯ್ ಸುಯ್ ಎಂದು ಗಾಳಿ ಬಂತು. ಅವನು ನಗುತ್ತಿದ್ದ.

"ಕಾರು ಯಾವ ಮಹಡಿ?"

ಸ್ಟಾಶ್ ನಾಲ್ಕು ಬೆರಳು ತೋರಿಸಿದ.

ನಾರ್ಬರ್ಟ್ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಎರಡು ಮಾಡ್ಕೊಳ್ಳೋ, ಮಹರಾಯ."

ಸ್ಟಾಶ್ ಯೋಚಿಸಿದ. ಬಹಳ ಯೋಚಿಸಿ, ಒಂದು ಬೆರಳು ಮಡಚಿದ.