ಕಿಟಕಿಕಟ್ಟೆಯ ಲೋಟಗಳು

ಬಿಸಿಲು ನೀರಿನ ಮೇಲೆ ಬಿದ್ದು ಅಲ್ಲಿಂದ ಚಾವಣಿಗೆ ಹತ್ತಿ ಬಳೆಯಷ್ಟು ಹೊಳಪಾಗಿ ನಡುಗುತ್ತಿದೆ, ಒಂದರೊಳಗೆ ಒಂದು ಬಳೆ, ಅದರೊಳಗೆ ಇನ್ನೊಂದು, ನೋಡುತ್ತ ಕೂತರೆ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಜಾರಿದ ಹಾಗೆ — ಮೇಜಿನ ಮೇಲಿನ ಗಾಜಿನ ಲೋಟ, ಅರ್ಧ ನೀರು, ಕುಡಿಯಲು ಇಟ್ಟಿದ್ದಲ್ಲ, ಈ ಪಂಪ್‌ಹೌಸಿನಲ್ಲಿ ಯಾರ ಮೇಜಿನ ಲೋಟವೂ ಕುಡಿಯಲು ಇಟ್ಟಿದ್ದಲ್ಲ, ನೆಲದಡಿ ಪಂಪುಗಳು ಊರಿಗೆ ನೀರು ತಳ್ಳುತ್ತಿರುವಷ್ಟು ಹೊತ್ತು ಲೋಟದಲ್ಲಿ ಉಂಗುರ ಏಳುತ್ತಿರುತ್ತದೆ, ಒಂದು ಪಂಪು ನಿಂತರೆ ಉಂಗುರ ಬೇರೆಯಾಗುತ್ತದೆ, ಕಿವಿ ಮೋಸ ಮಾಡುತ್ತಮ್ಮ, ಒಂದು ವಾರಕ್ಕೆ ಈ ಸದ್ದು ಅದಕ್ಕೆ ಅಭ್ಯಾಸವಾಗಿ ಹೋಗುತ್ತೆ, ನೀರು ನೋಡು ನೀರು, ಎಂದಿದ್ದರು ಪಂಪು ರಿಪೇರಿಯ ಗ್ರೀಸ್ ಮಾವ, ಅವಳು ಕೆಲಸಕ್ಕೆ ಸೇರಿದ ದಿನ, ಹೆಸರೇನೋ ಇತ್ತು ಅವರಿಗೆ, ಹೆಂಡತಿಗೂ ಮರೆತಿರಬೇಕು, ಮದುವೆ ಮನೆಗೆ ಬಂದರೂ ಉಗುರಿನ ಸಂದಿಯಲ್ಲಿ ಗ್ರೀಸು, ಅಂದು ಅವರೇ ತಂದು ಈ ಲೋಟ ಇಟ್ಟದ್ದು, ಆಗ ಮೂಲೆಯ ಸಣ್ಣ ಮೇಜು, ಈಗ ಈ ದೊಡ್ಡ ಮೇಜು, ಇಡೀ ಪಂಪ್‌ಹೌಸಿಗೆ ಅವಳೇ ಮುಖ್ಯಸ್ಥೆ, ಲೋಟ ಮಾತ್ರ ಅದೇ. ಇಲ್ಲಿ ಯಾರೂ ಎದುರಾದವರನ್ನು ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ಓಡ್ತಿದೆಯಾ ಅನ್ನುತ್ತಾರೆ, ಓಡ್ತಿದೆ ಅಂದರೆ ಮುಗಿಯಿತು, ಪಂಪಿಗೂ ಅದೇ ಮಾತು ಮನುಷ್ಯರಿಗೂ ಅದೇ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಬೆವರೊರೆಸಿಕೊಂಡು ಇದೇ ಲೋಟ ಎತ್ತಿ ಗಟಗಟ ಕುಡಿದುಬಿಟ್ಟರು, ಬಾಗಿಲಲ್ಲಿ ನಿಂತವರೆಲ್ಲ ಬಾಯಿಗೆ ಕೈ, ಅಯ್ಯೋ ಸಾಹೇಬ್ರು ಪಂಪೇ ಕುಡಿದ್ಬಿಟ್ರಲ್ಲ, ಎಂದರು ಮಾವ, ಆಮೇಲೆ ಎಷ್ಟೋ ದಿನ ಊರಲ್ಲಿ ಎಲ್ಲಿ ನೀರು ಕಮ್ಮಿ ಬಂದರೂ ಆ ಸಾಹೇಬರ ಹೊಟ್ಟೆಯ ಮೇಲೇ ಹಾಕುತ್ತಿದ್ದರು. ಇಂದು ಆ ಪಂಪುಗಳು ನಿಲ್ಲುತ್ತವೆ.

ನಿಲ್ಲುತ್ತವೆ ಅಂದರೆ ಇಲ್ಲಿಂದ ಯಾರೂ ನಿಲ್ಲಿಸುವುದೂ ಇಲ್ಲ, ಸ್ವಿಚ್ಚು ಈಗ ಹೊಳೆಯ ಆಚೆ ದಡದಲ್ಲಿದೆ, ಅಲ್ಲಿ ಹೊಸ ಪಂಪು, ಹೊಸ ಮಂಡಳಿ, ಹೊಸ ಬಣ್ಣದ ಗೋಡೆ, ಇಲಾಖೆಯನ್ನು ಆ ಮಂಡಳಿಗೆ ಸೇರಿಸುತ್ತಾರೆ, ಮನುಷ್ಯರನ್ನು ಸೇರಿಸುತ್ತಾರೋ ಇಲ್ಲವೋ ಹೇಳುವವರಿಲ್ಲ. ಮಾಳಿಗೆಯ ಊಟದ ಕೋಣೆಯಲ್ಲಿ ಎಲ್ಲರೂ ಕಾದು ಕೂತಿದ್ದಾರೆ, ಕುರ್ಚಿ ಎಳೆಯುವ ಸದ್ದು, ಒಬ್ಬರ ಕೆಮ್ಮು, ದೊಡ್ಡ ಸಾಹೇಬರು ಬೆಳಿಗ್ಗೆ ಫೋನಿನಲ್ಲಿ, ಯಾರ ಕೆಲಸಕ್ಕೂ ತೊಂದ್ರೆ ಇಲ್ಲ ಅಂತ ಹೇಳ್ಬಿಡಿ ಮೇಡಂ, ಅದು ನಿಜಾನಾ ಸರ್, ನಿಜ ಆದ್ರೂ ಆಗಬಹುದು, ಮೊದಲು ಜನಾನ ಹಿಡಿದಿಟ್ಕೊಳ್ಳಿ — ಹಿಡಿದಿಟ್ಟುಕೊಳ್ಳಬೇಕಾದದ್ದೇನೋ ನಿಜ, ಹೊಸ ಪಂಪಿನ ನೀರು ಹರಿಯಬೇಕಾದದ್ದು ಹಳೆಯ ಕೊಳವೆಗಳಲ್ಲೇ, ಬೀದಿಬೀದಿಯ ವಾಲ್ವು ಈ ಕೈಗಳಿಗಷ್ಟೇ ಬಗ್ಗುತ್ತದೆ, ಬಟ್ಟೆ ಕಾರ್ಖಾನೆಯವರು ಆಗಲೇ ನಾಳೆಯಿಂದಲೇ ಬನ್ನಿ ಎಂದು ಇವರನ್ನು ಕರೆಯುತ್ತಿದ್ದಾರೆ, ಇವರು ಹೋದರೆ ನಾಳೆ ಊರಿನ ನಲ್ಲಿಗಳು ಬರೀ ಗಾಳಿ ಬಿಡುತ್ತವೆ. ಕಣ್ಣು ಮುಚ್ಚಿದರೆ ಊರು ನೀರಿನೊಳಗೆ ತೇಲುವಂತೆ ಕಾಣುತ್ತದೆ, ಬೀದಿಯಡಿ ಕೊಳವೆ, ಗೋಡೆಯೊಳಗೆ ಕೊಳವೆ, ಯಾವುದೋ ಮಹಡಿಯಲ್ಲಿ ಯಾರೋ ತಾಯಿ ಮಗುವಿನ ಬೆನ್ನ ಮೇಲೆ ಬೆಚ್ಚನೆ ನೀರು ಹುಯ್ಯುತ್ತಿದ್ದಾಳೆ, ಮಗು ಕಣ್ಣು ಬಿಗಿಯಾಗಿ ಮುಚ್ಚಿದೆ, ಆ ನೀರು ಎಲ್ಲಿಂದ ಬಂತೆಂದು ಅವಳೇಕೆ ಯೋಚಿಸಬೇಕು, ಯೋಚಿಸಲೇಬಾರದು, ಅದಕ್ಕೇ ಅಲ್ಲವೇ ಇವರೆಲ್ಲ ಇರುವುದು. ಒಂದು ಸುಳ್ಳು, ಒಂದೇ ಒಂದು, ಯಾರಪ್ಪನ ಗಂಟು ಹೋಗುತ್ತದೆ. ಮನೆಯಲ್ಲಿ ಯಜಮಾನರೂ ಅದನ್ನೇ ಹೇಳಿದರು, ತಟ್ಟೆ ಮುಂದೆ ಇಟ್ಟುಕೊಂಡು, ಅವ್ರು ಹೇಳು ಅಂದಿದ್ದನ್ನ ಹೇಳಿ ಕೈ ತೊಳ್ಕೋಬಾರದಾ, ನೀನೇನು ಊರ ಭಾರ ಹೊತ್ತಿದ್ದೀಯಾ, ಹೊತ್ತಿದ್ದೀನಲ್ಲ ಅನ್ನಬೇಕೆನ್ನಿಸಿತು, ಅವರ ತಟ್ಟೆಗೆ ಪಲ್ಯ ಬಡಿಸಿದಳು, ಮಗಳು ಮಾತ್ರ ನೋಡುತ್ತಿದ್ದಳು, ಅಮ್ಮಾ ನಿನ್ನ ಕೈ ಯಾಕೆ ನಡುಗ್ತಿದೆ, ಏನಿಲ್ಲ ಪುಟ್ಟಿ, ಚಳಿ. ಚಳಿಯೇನೂ ಇರಲಿಲ್ಲ.

ಅಪ್ಪ ಹೋದಾಗಲೂ ಹೀಗೇ, ಮೈಯೆಲ್ಲ ಹತ್ತಿಯಂತೆ ಹಗುರ, ಯಾರು ಬಂದರು ಯಾರು ಹೋದರು ತಿಳಿಯದು, ಮಾವ ಬಂದು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ, ಸಮಾಧಾನದ ಮಾತು ಅವರಿಗೆ ಬಾರದು, ಬಹಳ ಹೊತ್ತು ಚಪ್ಪಲಿ ನೋಡಿಕೊಂಡು ಕೊನೆಗೆ, ಓಡ್ತಿದೆಯಾಮ್ಮ, ಎಂದರು. ಓಡ್ತಿದೆ ಮಾವ. ಸುಳ್ಳು ಹೇಳಬೇಡ, ನಿಂತಿದ್ರೆ ನಿಂತಿದೆ ಅನ್ನು, ನಿಂತಿದ್ದನ್ನ ಶುರು ಮಾಡಬಹುದು, ಓಡ್ತಿದೆ ಅಂದ್ಬಿಟ್ರೆ ನಾನು ಯಾವ ಕಡೆಯಿಂದ ಕೈ ಹಾಕಲಿ ಹೇಳು — ಆಗ ಅಳು ಬಂತು ಅವಳಿಗೆ, ಅಲ್ಲಿಯವರೆಗೆ ಒಂದು ಹನಿ ಬಂದಿರಲಿಲ್ಲ, ಎಷ್ಟು ಒಳ್ಳೆಯ ಅಳು ಅದು, ಇವತ್ತೂ ನೆನೆದರೆ ಎದೆ ತಣ್ಣಗಾಗುತ್ತದೆ. ಅದೇ ಮಾವನ ಮುಖ ನೋಡಿಕೊಂಡು, ಯಾರ ಕೆಲಸಕ್ಕೂ ತೊಂದರೆ ಇಲ್ಲ ಅನ್ನಬೇಕು, ನಾಲಿಗೆಯಲ್ಲಿ ಆ ಮಾತು ಕಲ್ಲುಸಕ್ಕರೆಯ ಹಾಗೆ ಇದೆ, ಸಿಹಿಯಾಗೇ ಇದೆ, ಕರಗುತ್ತಿಲ್ಲ. ಎದ್ದಳು, ಲೋಟವನ್ನೂ ಎತ್ತಿಕೊಂಡಳು.

ಮೆಟ್ಟಿಲು, ಕೈಹಿಡಿಕೆಯ ಕಬ್ಬಿಣದಲ್ಲೂ ಆ ಸಣ್ಣ ಗುಂಯ್, ಬಾಗಿಲು, ಮುಖಗಳು, ಮತ್ತೆ — ಕಿಟಕಿಕಟ್ಟೆ, ಉದ್ದಕ್ಕೂ ಲೋಟಗಳು, ಯಾರು ತರಲು ಹೇಳಿದರು ಇವರಿಗೆ, ಯಾರೂ ಹೇಳಿಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಮೇಜಿನದನ್ನು ತಂದು ಸಾಲಾಗಿ ಇಟ್ಟುಬಿಟ್ಟಿದ್ದಾರೆ, ಎಲ್ಲದರಲ್ಲೂ ಉಂಗುರ, ಬಿಸಿಲೆಲ್ಲ ಚಾವಣಿಯ ಮೇಲೆ ಕುಣಿಯುತ್ತಿದೆ, ಅದರಡಿ ಮಾವ, ಮಡಿಲಲ್ಲಿ ಎರಡು ಕೈ, ಮಾಡಲು ಕೆಲಸವಿಲ್ಲದ ಆ ಕೈಗಳನ್ನು ಅವಳು ಹಿಂದೆಂದೂ ನೋಡಿಲ್ಲ. ನಿಮ್ಮೆಲ್ಲರ ಕೆಲಸ — ಎಂದಳು, ನಿಂತಳು, ಕಲ್ಲುಸಕ್ಕರೆ, — ಉಳಿಯುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನನ್ನದೂ ಗೊತ್ತಿಲ್ಲ. ಉಳಿಯುತ್ತೆ ಅಂತ ಹೇಳು ಅಂದಿದ್ರು, ಆಗಲಿಲ್ಲ. ಹಾಗಾದ್ರೆ ನಾಳೆ ಬರಬೇಕಾ ಬೇಡ್ವಾ ಮೇಡಂ, ಹಿಂದಿನ ಸಾಲಿನಿಂದ ವಾಲ್ವಿನವನು, ಮೂರು ಮಕ್ಕಳ ತಂದೆ, ಕಾರ್ಖಾನೆಯ ಕರೆ ಮೊದಲು ಬಂದದ್ದು ಅವನಿಗೇ. ನಾನು ಬರ್ತೀನಪ್ಪ, ನೀವೂ ಬಂದ್ರೆ ಊರಿಗೆ ನೀರು ಬರುತ್ತೆ, ನಂಗೆ ಗೊತ್ತಿರೋದು ಇಷ್ಟೇ. ಅವನು ಎದ್ದ. ಹೋಗುತ್ತಾನೆ, ಅವನು ಹೋದರೆ ಎಲ್ಲರೂ ಹೋಗುತ್ತಾರೆ, ಸುಳ್ಳು ಹೇಳಬಹುದಿತ್ತಲ್ಲ ಪೆದ್ದಿ, ಆ ಮಗುವಿನ ಬೆನ್ನ ಮೇಲೆ ನಾಳೆ ಏನು ಹುಯ್ಯುತ್ತಾಳೆ ಆ ತಾಯಿ, ಅವನು ಬಾಗಿಲು ದಾಟಲಿಲ್ಲ, ಕಿಟಕಿಯ ಹತ್ತಿರ ಹೋಗಿ ತನ್ನ ಲೋಟದ ಮುಂದೆ ಬಗ್ಗಿ ನಿಂತ, ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಅಲ್ಲಿಗೇ, ಭುಜಕ್ಕೆ ಭುಜ — ಆಗ ಪಾದದಡಿಯಿಂದ ಏನೋ ಹೊರಟುಹೋಯಿತು, ಸದ್ದಲ್ಲ, ಸದ್ದಿನ ಕೆಳಗಿದ್ದದ್ದು, ಇಷ್ಟು ವರ್ಷ ಮೈಯನ್ನು ಕೆಳಗಿನಿಂದ ಹಿಡಿದಿದ್ದದ್ದು, ಚಾವಣಿಯ ಬೆಳಕು ತಟ್ಟನೆ ನಿಂತಿತು, ಕಟ್ಟೆಯ ಲೋಟಗಳೆಲ್ಲ ನಿಂತವು, ನೀರಿದೆಯೋ ಇಲ್ಲವೋ ಎನ್ನುವಷ್ಟು ನಿಶ್ಚಲ, ಯಾರೋ ಮೂಗೆಳೆದುಕೊಂಡರು, ಮಾವ ತಿರುಗಿ ಅವಳ ಮುಖ ನೋಡಲಿಲ್ಲ, ಕೈ ನೋಡಿದರು, ಕೈಯಲ್ಲಿದ್ದ ಲೋಟ ನೋಡಿದರು, ಬಹಳ ಹೊತ್ತು ನೋಡಿದರು. ಓಡ್ತಿದೆ, ಎಂದರು. ಎಲ್ಲರೂ ತಿರುಗಿದರು, ಅವಳೂ ನೋಡಿದಳು, ಕೈಯನ್ನು ನಿಲ್ಲಿಸಲು ಹೋಗಲಿಲ್ಲ, ಅರ್ಧ ಲೋಟ ನೀರು, ನಡುವಿನಿಂದ ಒಂದು ಉಂಗುರ ಎದ್ದು ಗಾಜಿನವರೆಗೆ, ಮತ್ತೆ ನಡುವಿನಿಂದ ಇನ್ನೊಂದು, ಗಾಜಿನವರೆಗೆ, ಮತ್ತೆ ಇನ್ನೊಂದು