ಎರಡೂ ಎಡತೋಳು

ದೇವರ ಕರುಣೆಯ ಬಗ್ಗೆ ಹೇಳಲು ಓದಿಕೊಂಡವರು, ಪೀಠದ ಮೇಲೆ ನಿಂತು ಮಾತಾಡಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಅವರ ನಡುವೆ ತಲೆ ತೂರಿಸಿ ಒಂದು ಮಗುವಿನ ಅಂಗಿಯ ಕಥೆ ಹೇಳಹೊರಟಿದ್ದೇನೆ. ಇದು ಅಧಿಕಪ್ರಸಂಗವಾದರೆ ಮನ್ನಿಸಬೇಕು. ಎಲ್ಲಾದರೂ ಹೆಚ್ಚುಕಡಿಮೆಯಾದರೆ ತಪ್ಪು ನನ್ನದು, ಕಥೆಯದಲ್ಲ.

ಅವಳನ್ನು ಬೀದಿಯವರೆಲ್ಲ ಅಳತೆಯಮ್ಮ ಎನ್ನುತ್ತಿದ್ದರು. ಬಟ್ಟೆ ಹೊಲಿಯುವುದು ಅವಳ ಕಸುಬು. ಒಮ್ಮೆ ಅಳೆದದ್ದನ್ನು ಮತ್ತೊಮ್ಮೆ ಅಳೆಯದೆ ಕತ್ತರಿ ಮುಟ್ಟಿದವಳಲ್ಲ. ಗಂಡ ಕ್ಷೌರಿಕ. ಇದ್ದೊಂದು ಅಂಗಡಿಯ ನಡುವೆ ಹಲಗೆ ಹೊಡೆದು ಎರಡು ಮಾಡಿಕೊಂಡಿದ್ದರು. ಈಚೆ ಅವಳ ಹೊಲಿಗೆ ಯಂತ್ರ, ಆಚೆ ಅವನ ಕನ್ನಡಿ ಮತ್ತು ಕುರ್ಚಿ. ಹಲಗೆ ಎಷ್ಟು ತೆಳುವೆಂದರೆ ಅವಳು ಈಚೆ ನಿಟ್ಟುಸಿರು ಬಿಟ್ಟರೆ ಆಚೆ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತವರು "ಏನಾಯ್ತಮ್ಮ?" ಎಂದು ಕೇಳುತ್ತಿದ್ದರು.

ಕೈ ಅಷ್ಟು ಚೊಕ್ಕವಿದ್ದವರಿಗೆ ಬೇರೆಯವರ ಕೈತಪ್ಪು ಕಣ್ಣಿಗೆ ಚುಚ್ಚುತ್ತದೆ. ಮೂಲೆ ಅಂಗಡಿಯ ದರ್ಜಿ ಒಮ್ಮೆ ಚರ್ಚಿನ ಹಾಡುಗಾರರಿಗೆ ನಿಲುವಂಗಿ ಹೊಲಿದುಕೊಟ್ಟಿದ್ದ. ಅದರಲ್ಲೊಂದರ ಅಂಚು ಎಡಕ್ಕೆ ಇಳಿಬಿದ್ದಿತ್ತು. ಅದನ್ನು ಅಳತೆಯಮ್ಮ ಮರೆಯಲಿಲ್ಲ, ಉಳಿದವರಿಗೆ ಮರೆಯಲು ಬಿಡಲೂ ಇಲ್ಲ. ಪಾಸ್ಟರ್ "ಕಣ್ಣು ಮುಚ್ಚಿ ಪ್ರಾರ್ಥಿಸೋಣ" ಎಂದಾಗಲೂ ಅವಳ ಒಂದು ಕಣ್ಣು ಆ ಅಂಚಿನ ಮೇಲೇ ಇರುತ್ತಿತ್ತು. ಅವಳು ದೇವರನ್ನು ನಂಬಿದವಳೇ, ಮನಸಾರೆ ನಂಬಿದವಳು. ಆದರೆ ಅವಳ ಮನಸ್ಸಿನಲ್ಲಿದ್ದ ದೇವರ ಕುತ್ತಿಗೆಯಲ್ಲೂ ಒಂದು ಅಳತೆ ಟೇಪು ನೇತಾಡುತ್ತಿತ್ತು.

ಹೀಗಿರುವಾಗ ಅತ್ತಿಗೆ ಬಂದರು. ಗಂಡನ ಅಕ್ಕ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರ ವಾರ್ಡಿನಲ್ಲಿ ಡಾಕ್ಟರುಗಳೂ ಚಪ್ಪಲಿ ಸದ್ದಾಗದಂತೆ ನಡೆಯುತ್ತಿದ್ದರಂತೆ. ಕಂಕುಳಲ್ಲಿ ತಮ್ಮ ಮದುವೆಯ ಗೌನು ಹಿಡಿದುಕೊಂಡು ಬಂದಿದ್ದರು.

"ಭಾನುವಾರ ಮೊಮ್ಮಗಳ ದೀಕ್ಷಾಸ್ನಾನ. ಇದನ್ನ ಕತ್ತರಿಸಿ ಮಗುವಿಗೆ ಅಂಗಿ ಮಾಡು."

"ಅತ್ತಿಗೆ, ಇದು ಅತ್ತೆ ಕೈಯಾರೆ ಹೊಲಿದಿದ್ದಲ್ವಾ?"

"ಅದಕ್ಕೇ ನಿನ್ನ ಹತ್ರ ತಂದಿದ್ದು. ಅಮ್ಮ ಹೋದ ಮೇಲೆ ಅವಳ ಕೈಕೆಲಸ ಅಂತ ಉಳಿದಿರೋದು ಇದೊಂದೇ. ಬೇರೆ ಯಾರಿಗಾದ್ರೂ ಕೊಡ್ತೀನಾ ನಾನು?"

ಮಾತು ಕೇಳಿ ಅಳತೆಯಮ್ಮ ಒಳಗೊಳಗೇ ಒಂದು ಗೇಣು ಬೆಳೆದಳು.

ಬಟ್ಟೆ ಸ್ಯಾಟಿನ್. ಒಂದು ಮೈ ಹೊಳಪು, ಇನ್ನೊಂದು ಮೈ ಮಂಕು. ಪೆಟ್ಟಿಗೆಯಲ್ಲಿ ಇದ್ದೂ ಇದ್ದೂ ಅಲ್ಲಲ್ಲಿ ತುಕ್ಕಿನ ಕಲೆ. ಮೈಭಾಗಕ್ಕೆ, ನೆರಿಗೆಗೆ ಬೇಕಾದದ್ದು ಕತ್ತರಿಸಿದ ಮೇಲೆ ತೋಳಿಗಷ್ಟೇ ಚೊಕ್ಕ ಬಟ್ಟೆ ಉಳಿಯಿತು. ಸಾಮಾನ್ಯವಾಗಿ ಬಟ್ಟೆಯನ್ನು ಮಡಿಸಿ ಎರಡೂ ತೋಳು ಒಟ್ಟಿಗೆ ಕತ್ತರಿಸುತ್ತಾರೆ. ಆಗ ಒಂದು ಎಡ, ಒಂದು ಬಲ ತಾನಾಗಿಯೇ ಬರುತ್ತದೆ. ಇಲ್ಲಿ ಕಲೆ ತಪ್ಪಿಸಿ ಒಂದೊಂದಾಗಿ ಕತ್ತರಿಸಬೇಕಾಗಿತ್ತು. ಒಂದು ತೋಳು ಆದ ಮೇಲೆ ಮಾದರಿ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಹೊಸದಾಗಿ ಕಲಿಯುವವರಿಗೂ ಗೊತ್ತಿರುವ ವಿಷಯ.

ಆದರೆ ಆ ಹೊತ್ತಿನಲ್ಲಿ ಅಳತೆಯಮ್ಮನ ಮನಸ್ಸು ಭಾನುವಾರದ ಚರ್ಚಿನಲ್ಲಿತ್ತು. ಎಲ್ಲರೂ ಅಂಗಿಯನ್ನು ಮುಟ್ಟಿ ನೋಡುತ್ತಾರೆ. ಮೂಲೆ ಅಂಗಡಿಯ ದರ್ಜಿಯೂ ನೋಡುತ್ತಾನೆ. ಆಗ ತಾನು ಒಂದು ಮಾತು ಆಡಬೇಕು, ಹೆಚ್ಚಿಗೆ ಬೇಡ, ನಿಲುವಂಗಿಯ ಅಂಚಿನ ಬಗ್ಗೆ ಚಿಕ್ಕದಾಗಿ ಒಂದೇ ಮಾತು. ಆ ಮಾತನ್ನು ಮನಸ್ಸಿನಲ್ಲೇ ಚೂಪು ಮಾಡುತ್ತಾ ಅವಳು ಕತ್ತರಿ ಆಡಿಸಿದಳು.

ತೋಳು ಕೂಡಿಸಲು ಕೂತಾಗ ಗೊತ್ತಾಯಿತು. ಎರಡೂ ಎಡತೋಳು. ಮಗುಚಿ ನೋಡಿದಳು, ಹೊಳಪು ಒಳಗೆ ಹೋಯಿತು. ತಿರುಗಿಸಿ ನೋಡಿದಳು, ಕಂಕುಳ ತಿರುವು ಹಿಂದುಮುಂದಾಯಿತು. ಉಳಿದ ಚೂರುಗಳನ್ನೆಲ್ಲ ಹರಡಿ ಅಳೆದಳು. ಎಷ್ಟು ಸಲ ಅಳೆದರೂ ಬಟ್ಟೆ ಬೆಳೆಯಲಿಲ್ಲ.

"ಏನದು, ಯಂತ್ರ ನಿಂತೇ ಹೋಯ್ತು?" ಹಲಗೆಯ ಆಚೆಯಿಂದ ಗಂಡ ಕೇಳಿದ. ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಬಂದ. ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ.

"ನೋಡು, ಈ ಒಂದು ವಿಷಯದಲ್ಲಿ ನನ್ನ ಕಸುಬೇ ಮೇಲು. ನಾನು ತಪ್ಪು ಕತ್ತರಿಸಿದ್ರೆ ಮತ್ತೆ ಬೆಳೆಯುತ್ತೆ."

"ರೀ, ನನಗೆ ಜೀವ ಹೋಗ್ತಿದೆ, ನಿಮಗೆ ತಮಾಷೆ."

"ಹೋಗಿ ಅಕ್ಕನಿಗೆ ಹೇಳಿಬಿಡು."

"ಏನಂತ ಹೇಳಲಿ? ನಿಮ್ಮಮ್ಮನ ಕೈಕೆಲಸ ಹಾಳುಮಾಡಿದೆ ಅಂತಲಾ? ನೀವು ಬಾಯಿಬಿಟ್ಟರೆ ನೋಡಿ ಮತ್ತೆ."

"ನನ್ನ ಅಂಗಡಿಯಲ್ಲಿ ಕೂದಲು ಬಿಟ್ರೆ ಬೇರೇನೂ ಉದುರಲ್ಲ" ಎಂದು ಅವನು ಹೊರಟುಹೋದ.

ಅಳತೆಯಮ್ಮ ತೋಳುಗಳನ್ನು ಇಸ್ತ್ರಿ ಮೇಜಿನ ಕಂಬಳಿಯ ಕೆಳಗೆ ಬಚ್ಚಿಟ್ಟಳು. ಆಮೇಲೆ ಪ್ರಾರ್ಥನೆ ಮಾಡಿದಳು. ಕ್ಷಮಿಸು ಎಂದಲ್ಲ, ಅದನ್ನು ಕೇಳುವ ಧೈರ್ಯ ಇರಲಿಲ್ಲ. ಒಂದು ತೋಳು ಬಲವಾಗಲಿ ಎಂದು ಕೇಳಿಕೊಂಡಳು. ನೀರನ್ನು ದ್ರಾಕ್ಷಾರಸ ಮಾಡಿದವನಿಗೆ ಇದೇನು ದೊಡ್ಡ ಕೆಲಸ ಎಂದುಕೊಂಡು ಕಂಬಳಿ ಎತ್ತಿ ನೋಡಿದಳು. ಎರಡೂ ಎಡವೇ.

ಮಾರನೆಯ ದಿನ ಬಾಗಿಲಲ್ಲಿ ಅತ್ತಿಗೆಯ ನೆರಳು ಬಿತ್ತು. ಕೈಯಲ್ಲಿ ಕಾಗದದ ಪೊಟ್ಟಣ.

"ಎಲ್ಲಿಗೆ ಬಂತು?"

"ಮುಗೀತು ಅತ್ತಿಗೆ. ಇಸ್ತ್ರಿ ಒಂದು ಬಾಕಿ, ಅಷ್ಟೇ." ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು.

ಅತ್ತಿಗೆ ಅವಳ ಮುಖವನ್ನು ನೋಡಿದರು, ಜ್ವರ ಇದ್ದವರನ್ನು ನೋಡುವ ಹಾಗೆ. ಪೊಟ್ಟಣವನ್ನು ಇಸ್ತ್ರಿ ಮೇಜಿನ ಮೇಲಿಟ್ಟರು. "ಇದನ್ನ ಬಿಚ್ಚಿ ನೋಡು. ಬೇಕಾಗಬಹುದು" ಎಂದು ಹೇಳಿ ಹೊರಟರು.

ಅಳತೆಯಮ್ಮ ಬಿಚ್ಚಲಿಲ್ಲ. ಗುಂಡಿಯೋ ರಿಬ್ಬನ್ನೋ ಇರಬೇಕು, ತೋಳೇ ಇಲ್ಲದ ಅಂಗಿಗೆ ಅದೆಲ್ಲ ಯಾಕೆ? ಪೊಟ್ಟಣವನ್ನು ನೋಡಿದರೆ ಹೇಳಿದ ಸುಳ್ಳು ನೆನಪಾಗುತ್ತಿತ್ತು. ಅದನ್ನೂ ಕಂಬಳಿಯ ಕೆಳಕ್ಕೆ ತಳ್ಳಿದಳು. ಆ ಮೇಜಿನ ಮೇಲೆ ಇನ್ನು ಇಸ್ತ್ರಿ ಮಾಡುವ ಹಾಗೇ ಇರಲಿಲ್ಲ, ಅಷ್ಟು ಉಬ್ಬುತಗ್ಗು.

ಶನಿವಾರ ಬೆಳಿಗ್ಗೆ ಅಂಗಡಿ ತೆರೆದವಳೇ ಕಂಬಳಿ ಎತ್ತಿದಳು. ತೋಳಿಲ್ಲದ ಅಂಗಿಯನ್ನೂ ಎರಡು ಎಡತೋಳನ್ನೂ ಚೀಲಕ್ಕೆ ತುಂಬಿಕೊಂಡು ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಉರುಹೊಡೆದಳು. ಮೊದಲು ತಪ್ಪು, ಆಮೇಲೆ ಸುಳ್ಳು, ಕೊನೆಗೆ "ಇನ್ನು ಮುಂದೆ ನನಗೆ ಹೊಲಿಯಲು ಕೊಡಬೇಡಿ" ಎಂಬ ಮಾತು.

ಅತ್ತಿಗೆ ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾ ಬಾಗಿಲು ತೆರೆದರು.

"ಅತ್ತಿಗೆ, ನಾನೊಂದು ತಪ್ಪು..."

"ಒಳಗೆ ಬಾ ಮೊದಲು. ಹಿಡ್ಕೋ ಇವಳನ್ನ, ಒಲೆ ಮೇಲಿಂದ ಹಾಲು ಇಳಿಸಬೇಕು."

ಉರುಹೊಡೆದದ್ದೆಲ್ಲ ಮಗು ಕೈಗೆ ಬಂದ ಕೂಡಲೇ ಚೆಲ್ಲಾಪಿಲ್ಲಿಯಾಯಿತು. ಮಗು ಅವಳ ಮೂಗು ಹಿಡಿದುಕೊಂಡಿತು. ಆ ಸ್ಥಿತಿಯಲ್ಲೇ ಅವಳು ಎಲ್ಲವನ್ನೂ ಹೇಳಿದಳು. ತೋಳು, ಸುಳ್ಳು, ಕಂಬಳಿ, ಕತ್ತರಿಸುವಾಗ ಮನಸ್ಸಿನಲ್ಲಿ ಮಸೆಯುತ್ತಿದ್ದ ಆ ಮಾತು ಕೂಡ. ಮೂಗಿನಲ್ಲಿ ಬಂದ ತಪ್ಪೊಪ್ಪಿಗೆ ಅವಳ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಅತ್ತಿಗೆ ತೋಳುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. "ಕತ್ತರಿಸಿದ ಅಂಚು ಮಾತ್ರ ಚೊಕ್ಕವಾಗಿದೆ" ಎಂದರು. ಆಮೇಲೆ ಕೇಳಿದರು, "ಪೊಟ್ಟಣ ಬಿಚ್ಚಿದೆಯಾ?"

"ಇಲ್ಲ."

"ಯಾಕೆ?"

"ಬಿಚ್ಚೋಕೆ ಮುಖ ಇರಲಿಲ್ಲ ಅತ್ತಿಗೆ."

ಅತ್ತಿಗೆ ಹಣೆ ಚಚ್ಚಿಕೊಂಡರು. "ಗೌನಿನ ಹಿಂದೆ ನೆಲದ ಮೇಲೆ ಎಳ್ಕೊಂಡು ಬರ್ತಿತ್ತಲ್ಲ, ಆ ಉದ್ದನೆ ತುಂಡು ಅದರಲ್ಲಿದೆ. ಒಂದು ಕಲೆ ಇಲ್ಲ. ಅಮ್ಮ ಬೇಕೆಂದಾಗ ಬಿಚ್ಚೋ ಹಾಗೆ ಗುಂಡಿ ಹಾಕಿದ್ದಳು, ಬೇರೆ ಇಟ್ಟಿದ್ದೆ."

"ಬೇರೆ ಯಾಕೆ ಇಟ್ಟಿದ್ರಿ?"

"ನಾನು ಹೋದಾಗ ಶವಪೆಟ್ಟಿಗೆಯಲ್ಲಿ ನನ್ನ ತಲೆಯಡಿಗೆ ಹಾಕಲಿ ಅಂತ. ಈಗ ನೋಡಿದ್ರೆ ನನಗೇನೂ ಆತುರ ಇಲ್ಲ. ಈ ಹುಡುಗಿಗೆ ನಾಳೆಯೇ ಬೇಕು." ಹಾಲು ಆರಿಸುತ್ತಾ ಮೆಲ್ಲಗೆ ಅಂದರು, "ನಿನಗೆ ಬೇಕಾಗಿದ್ದು ನಿನ್ನ ಮೇಜಿನ ಮೇಲೇ ಇತ್ತಲ್ಲೇ. ಸುಮ್ಮನೆ ಒದ್ದಾಡಿದೆ."

ಅಳತೆಯಮ್ಮ ಅಲ್ಲೇ ಕೂತು ಅತ್ತಳು. ಅದನ್ನು ನೋಡಿ ಮಗುವೂ ಅತ್ತಿತು. "ಒಬ್ಬರಾದ ಮೇಲೊಬ್ಬರು ಅಳಿ" ಎಂದು ಹೆಡ್ ನರ್ಸ್ ಗದರಿದರು.

ಅಂಗಡಿಗೆ ಬಂದು ಕಂಬಳಿ ಎತ್ತಿ, ಪೊಟ್ಟಣ ಬಿಚ್ಚಿದಳು. ಬೆಳ್ಳಗೆ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿಗೆ. ಅಳೆಯಲು ಟೇಪು ತೆಗೆದವಳು ಯಾಕೋ ಅದನ್ನು ಪಕ್ಕಕ್ಕಿಟ್ಟಳು. ಬಟ್ಟೆ ಮಡಿಸಿ ಎರಡೂ ತೋಳನ್ನು ಒಟ್ಟಿಗೆ ಕತ್ತರಿಸಿದಳು. ಯಂತ್ರದ ಸದ್ದು ಕೇಳಿ ಆಚೆಯಿಂದ ಗಂಡ ಸಿಳ್ಳೆ ಹಾಕಿದ. ಕುರ್ಚಿಯಲ್ಲಿ ಕೂತವರು "ಅಮ್ಮ ಹುಷಾರಾದ್ರಾ?" ಎಂದು ಕೇಳಿದ್ದೂ ಕೇಳಿಸಿತು.

ಭಾನುವಾರ ತಲೆಯ ಮೇಲೆ ನೀರು ಬಿದ್ದಾಗ ಮಗು ಅಳಲಿಲ್ಲ. ಬಲತೋಳಿನಿಂದ ಕೈ ಚಾಚಿ ಪಾಸ್ಟರ ಕನ್ನಡಕವನ್ನು ಕಿತ್ತುಕೊಂಡಿತು. ಎಲ್ಲರೂ ನಕ್ಕರು. ಹಾಡುಗಾರರು ಎದ್ದು ನಿಂತಾಗ ಆ ನಿಲುವಂಗಿಯ ಅಂಚು ಎಂದಿನಂತೆ ಎಡಕ್ಕೆ ಇಳಿಬಿದ್ದಿತ್ತು. ಅಳತೆಯಮ್ಮ ಅದನ್ನು ನೋಡಿದಳು, ಆಮೇಲೆ ಕಣ್ಣು ಮುಚ್ಚಿದಳು, ಎರಡನ್ನೂ.

ಹೊರಗೆ ಅಂಗಳದಲ್ಲಿ ಮೂಲೆ ಅಂಗಡಿಯ ದರ್ಜಿ ಸಿಕ್ಕ. "ನೀನು ಹೊಲಿದ ನಿಲುವಂಗಿ ಚೆನ್ನಾಗಿ ತಾಳಿಕೆ ಬಂದಿದೆ. ಇಷ್ಟು ದಿನ ಏನೇನೋ ಅಂದೆ, ಮನಸ್ಸಿಗೆ ಹಾಕ್ಕೋಬೇಡ" ಎಂದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಯಾಕಕ್ಕ, ಮೈಯಲ್ಲಿ ಹುಷಾರಿಲ್ವಾ?"

ಎರಡು ಎಡತೋಳನ್ನು ಅತ್ತಿಗೆ ವಾಪಸು ಕೊಡಲಿಲ್ಲ. "ಮುಂದಿನ ಮೊಮ್ಮಗುವಿಗೆ ಎರಡೂ ಎಡಗೈ ಆದ್ರೆ ಬೇಕಾಗುತ್ತೆ" ಎಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಇನ್ನು ಒಂದು ವಿಷಯ ಉಳಿಯಿತು. ಅಳತೆಯಮ್ಮನ ಮುಖ ನೋಡುವ ಮೊದಲೇ ಅತ್ತಿಗೆ ಆ ಪೊಟ್ಟಣವನ್ನು ಮನೆಯಿಂದ ತಂದಿದ್ದರು. ತೋಳು ಕೆಟ್ಟದ್ದು ಅವರಿಗೆ ಮೊದಲೇ ಗೊತ್ತಿತ್ತೇ? ಗಂಡನನ್ನು ಕೇಳಿದರೆ ಬಾಚಣಿಗೆಯ ಮೇಲೆ ಆಣೆಯಿಟ್ಟು ತಾನು ಹೇಳಿಲ್ಲ ಎಂದ. ಅತ್ತಿಗೆಯನ್ನು ಕೇಳಿದರೆ "ಮಗು ಎದ್ದಿತು ನೋಡು" ಎಂದರು. ಮಗು ಎದ್ದಿರಲಿಲ್ಲ. ಗೊತ್ತಿದ್ದೇ ತಂದರೋ, ಸುಮ್ಮನೆ ಇರಲಿ ಎಂದು ತಂದರೋ, ಅಥವಾ ತರಬೇಕೆಂದು ಅವರ ಮನಸ್ಸಿಗೆ ಯಾರು ಹಾಕಿದರೋ, ಅಳತೆಯಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.