ಕಿವಿಗೆ ಹಿಡಿದ ಕಾಯಿ

ಬಸ್ಸಿನ ಕಿಟಕಿ ಗಾಜು ಗಡಗಡ ಅನ್ನುತ್ತಿದೆ, ಒಣಗಿದ ಕೊಬ್ಬರಿಯದೇ ಸದ್ದು, ನಮ್ಮ ಶೆಡ್ಡಿನಲ್ಲಿ ವರ್ಷವಿಡೀ ಅಟ್ಟದಲ್ಲಿ ಮಲಗಿದ ಕಾಯಿಯನ್ನು ಕೆಲಸದ ರಫಿಕುಲ್ ದಿನಾ ಹೀಗೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ, ಕಣ್ಣು ಮುಚ್ಚಿ ಕೇಳುತ್ತಾನೆ, ಹಾಲಮ್ಮಕ್ಕ, ಇದು ಚಿಪ್ಪು ಬಿಟ್ಟೈತೆ, ಸುಲೀಬೋದು — ಅಸ್ಸಾಮಿನವನ ಬಾಯಲ್ಲಿ ನಮ್ಮ ಅಜ್ಜಂಪುರದ ಮಾತು, ಆರು ವರ್ಷದಲ್ಲಿ ಒಂದೂ ಹಸಿ ಕಾಯಿ ಒಡೆಸಿದವನಲ್ಲ, ಈಗ ಮುಂದಿನ ಸೀಟಿನಲ್ಲಿ ಕೂತು ತರೀಕೆರೆಯಿಂದಲೂ ನಗುತ್ತಿದ್ದಾನೆ, ನಗಲಿ, ಒಂಬತ್ತು ದಿನ ನಕ್ಕಿರಲಿಲ್ಲ. ಒಂಬತ್ತು ದಿನ! ಪೊಲೀಸರು ಬಾಂಗ್ಲಾದವರನ್ನು ಹುಡುಕುತ್ತಿದ್ದಾರೆ, ಕೆಲಸ ಕೊಟ್ಟವರ ಮೇಲೂ ಕೇಸಂತೆ ಎಂಬ ಸುದ್ದಿ ಬಂದದ್ದೇ ತಡ, ಪಕ್ಕದ ಕೊಬ್ಬರಿ ಶೆಡ್ಡಿನ ರುದ್ರಮೂರ್ತಿ ತನ್ನ ಏಳೂ ಜನರನ್ನು ಬೀರೂರಿನಲ್ಲಿ ರೈಲು ಹತ್ತಿಸಿ ಕೈತೊಳೆದುಕೊಂಡ, ಯಾವ ಊರಿನವರು ಎಂದೂ ಕೇಳಲಿಲ್ಲ, ನೀನೂ ಕಳಿಸ್ಬಿಡು ಹಾಲಿ, ಯಾಕ್ ಬೇಕು ಇಲ್ಲದ ಉಸಾಬರಿ ಅಂದ — ನಾನು ಕಳಿಸಲಿಲ್ಲ, ನಾನೇ ರಫಿಕುಲ್‌ನ ಕಾಗದ ಹಿಡಿದು ತರೀಕೆರೆ ಠಾಣೆಗೆ ಹೋದೆ, ಇವನ ಜಿಲ್ಲೆ ಬರಪೇಟಾದಿಂದ ಉತ್ತರ ಬರೋಗಂಟ ಕೆಲ್ಸ ಮಾಡಿಸ್ಬೇಡಿ ಕಣಮ್ಮ ಅಂದ್ರು, ಆಯ್ತು ಸಾರ್, ಕಾಗದ ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡೆ, ಅಪ್ಪ ಚೌಡಪ್ಪ ಜಮೀನಿನ ಖಾತೆಗೆಂದು ಇದೇ ತರೀಕೆರೆಗೆ ಬಂದಾಗ ತಾಲ್ಲೂಕು ಕಚೇರಿಯ ಅಮಲ್ದಾರರು ಕೇಳಿದ್ದೂ ಪುರಾವೆಯನ್ನೇ, ನೀನು ಈ ಊರೋನು ಅನ್ನೋಕೆ ಏನೈತೆ, ಅಪ್ಪ ಟವೆಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರಿಯ ಅಂಗೈ ತೋರಿಸಿದ, ಕಪ್ಪು ಗೆರೆಗಳ ಒರಟು ಅಂಗೈ, ಖಾತೆ ಆಗಲಿಲ್ಲ, ಪಕ್ಕದಲ್ಲಿ ನಿಂತಿದ್ದೆ, ಎಂಟು ವರ್ಷ ನನಗೆ.

ಆ ಒಂಬತ್ತು ದಿನವೂ ರಫಿಕುಲ್ ಜಗಲಿಯಲ್ಲಿ ಕೂತು ಬರಿಗೈ ಅಲ್ಲಾಡಿಸುತ್ತಿದ್ದ ಪಾಪ, ಒಂದು ಕಾಯಿ ನಾನೂ ಕಿವಿಗೆ ಹಿಡಿದು ನೋಡಿದೆ, ನನಗೆ ಎಲ್ಲವೂ ಒಂದೇ ಸದ್ದು, ಒಡೆಯದೆ ಹಾಗೇ ಇಟ್ಟೆ — ಅತ್ತ ರುದ್ರಮೂರ್ತಿಯ ಹೊಸ ಆಳುಗಳು ಹಸಿಯನ್ನೆಲ್ಲ ಒಡೆದು ರಾಶಿ ಹಾಕಿದರು, ಬೂಷ್ಟು ಹಿಡಿಯಿತು, ನಿನ್ನೆ ನನ್ನ ಬಾಗಿಲಿಗೇ ಬಂದ, ನಿಮ್ಮೋನ್ನ ಎರಡ್ ದಿನ ಕಳ್ಸಿಕೊಡಿ ಹಾಲಮ್ಮೋರೇ, ಹಾಲಮ್ಮೋರೇ ಅಂದ! ಇವತ್ತು ಠಾಣೆಗೆ ಬಂತಲ್ಲ ಉತ್ತರ, ನಮ್ ದೇಶದೋನೇ ಕಣಮ್ಮ, ಇಟ್ಕೊಳ್ಳಿ ಕೆಲ್ಸಕ್ಕೆ, ಗೆದ್ದೆ, ಅಪ್ಪಾ, ಗೆದ್ದೆ ಕಣಪ್ಪ, ಈಗ ಬಸ್ಸಿಳಿದು ಮುಖ ಕೂಡ ತೊಳೆಯದೆ ಅಟ್ಟದ ಏಣಿ ಹತ್ತಿಬಿಟ್ಟಿದ್ದಾನೆ, ಗೇಟಿನಲ್ಲಿ ರುದ್ರಮೂರ್ತಿ ಕತ್ತೆತ್ತಿ ನೋಡುತ್ತಿದ್ದಾನೆ, ನೋಡಲಿ, ಸದ್ದು ಮಾಡದೆ ನೋಡಲಿ — ರಫಿಕುಲ್ ಕಣ್ಣು ಮುಚ್ಚಿದ್ದಾನೆ, ಒರಟು ಅಂಗೈ, ಅಂಗೈಯಲ್ಲಿ ಕಾಯಿ, ಕಿವಿಯ ಹತ್ತಿರ ಕಾಯಿ, ಕಿವಿಯ ಹತ್ತಿರ ಕಾಯಿ.